ಮೂಗಿನ ತುದಿಯ ಸಿಟ್ಟು

ಒಂದು ಭಾನುವಾರ ಬೆಳಗ್ಗೆ ಚರ್ಚಿನ ಆರಾಧನೆಗೆ ತಡವಾಗುತ್ತಿತ್ತು. ಮಗನ ಶೂ ಲೇಸು ಗಂಟು ಬಿದ್ದಿತ್ತು. ಬಾಗಿಲ ಹತ್ತಿರ ಕೂತು ಉಗುರಲ್ಲಿ ಬಿಡಿಸುತ್ತಿದ್ದ. ಎರಡು ಸಲ ಕರೆದೆ, ಮೂರನೇ ಸಲ ಕಿರುಚಿದೆ. ಲೇಸಿಗೂ ಬಾಯಿಂದ ಬಂದ ಮಾತಿಗೂ ಸಂಬಂಧವೇ ಇರಲಿಲ್ಲ. ಅವನ ಮಾರ್ಕ್ಸು, ಅವನ ಸೋಮಾರಿತನ, ಎಲ್ಲ ಬಂತು. ಅವನು ತುಟಿ ಬಿಚ್ಚಲಿಲ್ಲ. ಗಂಟುಬಿದ್ದ ಲೇಸನ್ನು ಹಾಗೇ ಶೂ ಒಳಗೆ ತುರುಕಿಕೊಂಡು ಬಂದ. ಇಪ್ಪತ್ತು ನಿಮಿಷದ ಮೇಲೆ ನಾನು ಕಣ್ಣು ಮುಚ್ಚಿ, ಕೈ ಎತ್ತಿ ಹಾಡುತ್ತಿದ್ದೆ.

ವಿಶ್ವಾಸಿಗಳಿಗೆ ಸಿಟ್ಟು ಬರಲ್ಲ ಅಂದುಕೊಂಡವರು ಭಾನುವಾರ ಬೆಳಗ್ಗೆ ನಮ್ಮ ಮನೆಗಳಿಗೆ ಬಂದು ನೋಡಬೇಕು. ಬರುತ್ತದೆ, ಆದರೆ ನಾವು ಅದಕ್ಕೆ ಬೇರೆ ಹೆಸರು ಇಟ್ಟಿದ್ದೇವೆ. 'ಮನಸ್ಸಿಗೆ ಸ್ವಲ್ಪ ಭಾರ' ಅನ್ನುತ್ತೇವೆ. 'ಆ ಬ್ರದರ್‌ಗೋಸ್ಕರ ಪ್ರಾರ್ಥನೆ ಮಾಡಿ' ಅಂತ ಶುರುಮಾಡಿ, ಅವರ ಮೇಲಿನ ಸಿಟ್ಟನ್ನೆಲ್ಲ ಪ್ರಾರ್ಥನಾ ವಿಷಯದ ಲೆಕ್ಕದಲ್ಲಿ ತೀರಿಸಿಕೊಳ್ಳುತ್ತೇವೆ. ಕೂಗಾಡುವವರಿಗಿಂತ ನಗುನಗುತ್ತಾ ವರ್ಷಗಟ್ಟಲೆ ಮಾತು ಬಿಟ್ಟವರೇ ಸಭೆಗಳಲ್ಲಿ ಜಾಸ್ತಿ, ಅಲ್ವಾ?

ಮೂಗಿನ ತುದಿಯಲ್ಲೇ ಸಿಟ್ಟು ಅಂತ ನಾವು ಹೇಳುತ್ತೇವಲ್ಲ, ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯ ಹೀಬ್ರೂ ಭಾಷೆಗೂ ಈ ನಂಟು ಗೊತ್ತಿದೆ. ಅಲ್ಲಿ 'ಅಫ್' ಅಂದರೆ ಮೂಗು, ಕೋಪವೂ ಅದೇ. ವಿಮೋಚನಕಾಂಡ 34:6ರಲ್ಲಿ ದೇವರನ್ನು ದೀರ್ಘಶಾಂತನು, ಅಂದರೆ ಬೇಗ ಸಿಟ್ಟಾಗದವನು ಎಂದು ಓದುತ್ತೇವೆ. ಮೂಲದ ಮಾತನ್ನು ಅಕ್ಷರಶಃ ತಂದರೆ 'ಉದ್ದ ಮೂಗಿನವನು' ಅಂತಾಗುತ್ತದೆ. ಜ್ಞಾನೋಕ್ತಿಗಳಲ್ಲಿ ಮುಂಗೋಪಿಗೆ ಇರುವ ಮಾತು 'ಗಿಡ್ಡ ಮೂಗಿನವನು'. ಇದು ತಿಳಿದ ದಿನ ಕನ್ನಡಿ ನೋಡಿಕೊಂಡು ನಕ್ಕಿದ್ದೆ.

ಉದ್ದ ಮೂಗಿನ ಆ ದೇವರು ಸಿಟ್ಟಾದವರ ಹತ್ತಿರ ಹೇಗೆ ಮಾತಾಡುತ್ತಾನೆ ನೋಡಿ. ಆದಾಮನ ಮಗ ಕಾಯಿನ ತನ್ನ ತಮ್ಮನನ್ನು ಕೊಲ್ಲುವ ಮೊದಲೇ ದೇವರು ಅವನನ್ನು ಕೇಳುತ್ತಾನೆ: ಯಾಕೆ ನಿನಗೆ ಸಿಟ್ಟು? ಯಾಕೆ ಮುಖ ಬಾಡಿದೆ? ಪ್ರವಾದಿ ಯೋನನಿಗಂತೂ ಎರಡು ಸಲ ಕೇಳುತ್ತಾನೆ. ದೇವರು ನಾಶಮಾಡದೆ ಬಿಟ್ಟು ನಿನೆವೆ ಪಟ್ಟಣ ಉಳಿಯಿತು ಅಂತ ಯೋನ ಸಿಟ್ಟಾದಾಗ ಒಂದು ಸಲ, ನೆರಳು ಕೊಟ್ಟ ಗಿಡ ಒಣಗಿತು ಅಂತ ಸಿಟ್ಟಾದಾಗ ಇನ್ನೊಂದು ಸಲ. ಒಂದು ಗಿಡಕ್ಕೆ ಇಷ್ಟು ಮರುಗಿದೆಯಲ್ಲ, 1,20,000ಕ್ಕಿಂತ ಹೆಚ್ಚು ಜನರಿರುವ, ಅಷ್ಟೊಂದು ದನಕರುಗಳಿರುವ ಊರಿಗೆ ನಾನು ಮರುಗಬಾರದೇ ಅಂತ ದೇವರು ಕೇಳುವಲ್ಲಿಗೆ ಪುಸ್ತಕವೇ ಮುಗಿಯುತ್ತದೆ. ಯೋನನ ಉತ್ತರ ಅಲ್ಲಿಲ್ಲ.

ಆ ಭಾನುವಾರ ಯಾಕೆ ಸಿಟ್ಟು ಬಂತು ಅಂತ ನನ್ನನ್ನೇ ಕೇಳಿಕೊಂಡೆ. ಲೇಸಿನ ಮೇಲಲ್ಲ, ಮಗನ ಮೇಲೂ ಅಲ್ಲ. ತಡವಾಗಿ ಒಳಗೆ ಹೋದರೆ ನಾಲ್ಕು ಜನ ತಿರುಗಿ ನೋಡುತ್ತಾರಲ್ಲ, ಅದರ ಮೇಲೆ. ಸುಮ್ನೆ ನನ್ನ ಮಾನದ ಪ್ರಶ್ನೆ. ಅದಕ್ಕೆ ಆ ಹುಡುಗ ಬೆಲೆ ಕೊಟ್ಟ.

ಯೇಸುವಿಗೂ ಸಿಟ್ಟು ಬಂದಿತ್ತಲ್ಲ ಅನ್ನುವುದು ನಮ್ಮ ಮೆಚ್ಚಿನ ವಾದ. ಹೌದು, ಬಂದಿತ್ತು. ಕೈ ಬತ್ತಿದವನನ್ನು ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ ದಿನ ವಾಸಿಮಾಡಬಾರದು ಅಂತ ಹೊಂಚುಹಾಕಿದವರ ಮೇಲೆ ಬಂತು. ಮಾರ್ಕ 3:5ರಲ್ಲಿ ಕೋಪದ ಜೊತೆಗೇ ದುಃಖವೂ ಇದೆ. ಮಕ್ಕಳನ್ನು ತಡೆದ ಶಿಷ್ಯರ ಮೇಲೂ ಬಂತು. ಎರಡೂ ಕಡೆ ಬೇರೆಯವರ ಪರವಾಗಿ. ತನ್ನ ಮುಖಕ್ಕೇ ಉಗುಳಿದಾಗ ಮಾತ್ರ ಸುಮ್ಮನಿದ್ದ. ನನ್ನ ಲೆಕ್ಕ ಪೂರ್ತಿ ಉಲ್ಟಾ. ನನಗೆ ಉಗುಳಿದರೆ ಬೆಂಕಿ, ಬೇರೆಯವರಿಗೆ ಉಗುಳಿದರೆ 'ದೇವರು ನೋಡಿಕೊಳ್ಳುತ್ತಾನೆ'.

ಇನ್ನೊಂದು ಮಾತು ಹೇಳಲೇಬೇಕು. ಸೂರ್ಯ ಮುಳುಗುವ ಮೊದಲು ಸಿಟ್ಟು ತೀರಲಿ ಎಂದು ಅಪೊಸ್ತಲ ಪೌಲ ಎಫೆಸ ಪಟ್ಟಣದ ವಿಶ್ವಾಸಿಗಳಿಗೆ ಬರೆದ ಮಾತನ್ನು ಏಟು ತಿಂದವರ ಮೇಲೆ ಹೇರುವುದನ್ನು ಕೇಳಿದ್ದೇನೆ. ಮನೆಯಲ್ಲಿ ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ 'ರಾತ್ರಿಯೊಳಗೆ ಕ್ಷಮಿಸಿ ವಾಪಸ್ ಹೋಗಮ್ಮ' ಅನ್ನುವುದು ಸುವಾರ್ತೆಯಲ್ಲ. ಅವಳ ಸಿಟ್ಟು ನ್ಯಾಯವಾದದ್ದು. ಅವಳಿಗೆ ಮೊದಲು ಬೇಕಿರುವುದು ರಕ್ಷಣೆ. ಆ ವಚನ ಹೊಡೆದವನಿಗೆ ಕೇಳಿಸಲಿ.

ಮತ್ತೆ ಆ ಭಾನುವಾರಕ್ಕೆ ಬರುತ್ತೇನೆ. ಹಾಡು ಮುಗಿದು ಕೂತಾಗ ಮತ್ತಾಯ 5ರಲ್ಲಿರುವ ಯೇಸುವಿನ ಮಾತು ನೆನಪಾಯಿತು. ಕಾಣಿಕೆ ಕೊಡುವಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ರಾಜಿಯಾಗು. ನನಗೆ ಅವನ ಮೇಲಲ್ಲ, ಅವನಿಗೆ ನನ್ನ ಮೇಲೆ! ಯೇಸು ಇದನ್ನು ಹೇಳಿದ್ದು ಗಲಿಲಾಯದಲ್ಲಿ. ಕಾಣಿಕೆ ಅರ್ಪಿಸುವ ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ದಿನಗಟ್ಟಲೆ ನಡೆಯುವ ದೂರ. ಅಷ್ಟು ದೂರ ಬಂದವನು ಕಾಣಿಕೆ ಬಿಟ್ಟು ಊರಿಗೆ ಹೋಗಿ ಮತ್ತೆ ಬರಬೇಕಿತ್ತು. ನನಗೆ ಬಗ್ಗಬೇಕಾದದ್ದು ಒಂದು ಮೊಳ.

ಬಗ್ಗಿದೆ. ಲೇಸನ್ನು ಶೂನಿಂದ ಹೊರಗೆಳೆದು ಗಂಟು ಬಿಡಿಸತೊಡಗಿದೆ. ನಿಜವಾಗಲೂ ಗಟ್ಟಿಯಾಗಿತ್ತು, ಉಗುರು ನೋವಾಯಿತು. ಅವನ ಕಿವಿಯ ಹತ್ತಿರ ಹೋಗಿ, "ಬೆಳಗ್ಗೆ ನಾನು ಮಾತಾಡಿದ್ದು ತಪ್ಪು ಕಣೋ" ಅಂದೆ.

"ಪ್ರಾರ್ಥನೆ ನಡೀತಿದೆ ಅಪ್ಪಾ, ಸುಮ್ನಿರು" ಅಂದ. ಆದರೆ ಇನ್ನೊಂದು ಕಾಲನ್ನೂ ಮುಂದೆ ಚಾಚಿದ.