ಬಳ್ಳಾರಿ ಗ್ರಂಥಾಲಯದಲ್ಲಿ ಸಿನಿಮಾಕ್ಕೂ ಒಂದು ಬೀರು ಇರಲಿ

ಒಟಿಟಿ ಅಂದರೆ ಒಹಾಯೋದಲ್ಲಿ ಬೈಗುಳ, ಬಳ್ಳಾರಿಯಲ್ಲಿ ರೀಚಾರ್ಜ್. ಇಲ್ಲಿ, ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ, ನಮ್ಮ ಆಫೀಸಿನಲ್ಲಿ ಕಾಫಿಗೆ ನಿಂತವರ ಬಾಯಲ್ಲಿ ಇದೇ ಮಾತು. ಯಾವ ಆ್ಯಪ್ ಬೆಲೆ ಏರಿಸಿತು, ಯಾವುದು ಜಾಹೀರಾತು ತುರುಕಿತು, ಯಾವ ಸರಣಿ ಅರ್ಧಕ್ಕೇ ಮಾಯವಾಯಿತು. ಕೌಲ್ ಬಜಾರ್‌ನ ನಮ್ಮ ಅಕ್ಕನ ಮನೆಯಲ್ಲಿ ಈ ಮಾತೇ ಬರುವುದಿಲ್ಲ. ರೀಚಾರ್ಜ್ ಮಾಡಿಸಿದರೆ ಜೊತೆಗೆ ಆ್ಯಪ್ ಬಂತು. ರೀಚಾರ್ಜ್ ಮುಗಿಯಿತು, ಆ್ಯಪ್ ಹೋಯಿತು. ಫ್ರೀ ಬಂದಿದ್ದು ಹೋದರೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಬಾವನ ವಾದ.

ಫ್ರೀ ಏನಲ್ಲ, ರೀಚಾರ್ಜ್ ದುಡ್ಡಿನಲ್ಲೇ ಅದೂ ಸೇರಿದೆ. ಆದರೆ ಬೇರೆ ಬಿಲ್ ಬರಲ್ಲ, ಹಾಗಾಗಿ ಕೋಪವೂ ಬರಲ್ಲ. ಇಲ್ಲಿ ಹಾಗಲ್ಲ, ಒಂದೊಂದಕ್ಕೂ ಬೇರೆ ಬೇರೆ ಬಿಲ್ಲು. ನೆಟ್‌ಫ್ಲಿಕ್ಸ್ 2011ರಲ್ಲಿ ತಿಂಗಳಿಗೆ 7.99 ಡಾಲರ್ ಇತ್ತು. ಜಾಹೀರಾತು ಇಲ್ಲದ ಸ್ಟ್ಯಾಂಡರ್ಡ್ ಪ್ಲಾನ್ 2025ರ ಜನವರಿಯಲ್ಲಿ 17.99 ಆಯಿತು. ಭಾರತದಲ್ಲಿ ಅದೇ ಕಂಪನಿ 2021ರ ಡಿಸೆಂಬರ್‌ನಲ್ಲಿ ಮೊಬೈಲ್ ಪ್ಲಾನನ್ನು 199ರಿಂದ 149 ರೂಪಾಯಿಗೆ ಇಳಿಸಿತ್ತು. ನಮ್ಮವರ ಮೇಲೆ ಪ್ರೀತಿ ಜಾಸ್ತಿಯಾಗಿ ಅಲ್ಲ, ಗಿರಾಕಿ ಇನ್ನೂ ಪೂರ್ತಿ ಬಲೆಗೆ ಬಿದ್ದಿರಲಿಲ್ಲ, ಅಷ್ಟೇ. ಇಲ್ಲಿ ಆಗಿದ್ದು ಸ್ವಲ್ಪ ತಡವಾಗಿ ಅಲ್ಲಿಗೂ ಬರುತ್ತದೆ. ಪಾಸ್‌ವರ್ಡ್ ಹಂಚಿಕೊಳ್ಳಬಾರದು ಅನ್ನುವ ಕಟ್ಟಳೆ ಇಲ್ಲಿ 2023ರ ಮೇ ತಿಂಗಳಲ್ಲಿ ಬಂತು, ಭಾರತಕ್ಕೆ ಜುಲೈನಲ್ಲಿ. ಪ್ರೈಮ್ ವಿಡಿಯೋದಲ್ಲಿ ಜಾಹೀರಾತು ಇಲ್ಲಿ 2024ರ ಜನವರಿಯಿಂದ, ಭಾರತದಲ್ಲಿ 2025ರ ಜೂನ್‌ನಿಂದ. ಜಾಹೀರಾತು ಬೇಡವಾ, ಮೇಲೆ ದುಡ್ಡು ಕೊಡಿ.

ಬೆಲೆಯ ವಿಷಯ ಇಷ್ಟಕ್ಕೇ ಬಿಡುತ್ತೇನೆ. ಬಾಡಿಗೆ ಅಂದಮೇಲೆ ಏರುತ್ತದೆ, ಅದರಲ್ಲಿ ಹೊಸತೇನಿಲ್ಲ. ನನ್ನ ತಕರಾರು ಬಾಡಿಗೆ ಬಗ್ಗೆ ಅಲ್ಲವೇ ಅಲ್ಲ. ಬಾಡಿಗೆ ಬಳ್ಳಾರಿಯವರಿಗೆ ಚೆನ್ನಾಗಿ ಗೊತ್ತು. ನಾವು ಚಿಕ್ಕವರಿದ್ದಾಗ ಓಣಿಯಲ್ಲಿ ಯಾರ ಮನೆಯಲ್ಲಾದರೂ ಮದುವೆ, ನಾಮಕರಣ ಆದರೆ ರಾತ್ರಿಗೆ ಟಿವಿ, ವಿಸಿಪಿ (ವಿಡಿಯೋ ಕ್ಯಾಸೆಟ್ ಓಡಿಸುವ ಯಂತ್ರ) ಬಾಡಿಗೆಗೆ ಬರುತ್ತಿತ್ತು. ರಾತ್ರಿಗೆ ಮೂರು ಸಿನಿಮಾ. ಮೊದಲು ರಾಜಕುಮಾರ್, ಆಮೇಲೆ ಒಂದು ತೆಲುಗು (ಬಳ್ಳಾರಿ ಅಂದಮೇಲೆ ತೆಲುಗು ಇಲ್ಲದೆ ಆಗುತ್ತಾ?), ಕೊನೆಗೆ ಹಿಂದಿ. ಹಿಂದಿ ಶುರುವಾಗುವ ಹೊತ್ತಿಗೆ ಮಕ್ಕಳೆಲ್ಲ ಚಾಪೆ ಮೇಲೆ ಅಡ್ಡಾದಿಡ್ಡಿ ಮಲಗಿರುತ್ತಿದ್ದೆವು. ಪರದೆ ಮೇಲೆ ಗೆರೆ ಬಂದರೆ ವಿಸಿಪಿ ಜೊತೆ ಬಂದ ಹುಡುಗ ಮುಚ್ಚಳ ತೆಗೆದು ಹೆಡ್ ಒರೆಸುತ್ತಿದ್ದ. ಬೆಳಗಾದರೆ ಎಲ್ಲಾ ವಾಪಸ್. ಅದು ನಮ್ಮದು ಅಂತ ಯಾರೂ ಅಂದುಕೊಂಡಿರಲಿಲ್ಲ, ನಿಮ್ಮದೇ ಅಂತ ಅಂಗಡಿಯವನೂ ಹೇಳಿರಲಿಲ್ಲ.

ನಮ್ಮದು ಅನ್ನುವಂಥದ್ದು ಬೇರೆ ಇತ್ತು. ಅಮ್ಮನ ಹತ್ತಿರ ನಾಟಕದ ಹಾಡುಗಳ ಕ್ಯಾಸೆಟ್ಟುಗಳಿದ್ದವು. ಅಂಗಡಿಗೆ ಚೀಟಿಯಲ್ಲಿ ಹಾಡು ಬರೆದುಕೊಟ್ಟು, ಖಾಲಿ ಕ್ಯಾಸೆಟ್‌ಗೆ ತುಂಬಿಸಿದ್ದು. ಅದೂ ಕಳ್ಳ ಮಾಲೇ, ಹಾಡಿದವರಿಗೆ ಅದರಿಂದ ಒಂದು ಪೈಸೆ ಸಿಕ್ಕಿಲ್ಲ, ಅದನ್ನು ಹೊಗಳಲು ನಾನು ತಯಾರಿಲ್ಲ. ಆದರೆ ಆ ಕ್ಯಾಸೆಟ್ಟು ಅಮ್ಮನಿಂದ ಚಿಕ್ಕಮ್ಮನ ಮನೆಗೆ ಹೋಯಿತು, ಅಲ್ಲಿಂದ ಸಿರುಗುಪ್ಪಕ್ಕೆ, ಮತ್ತೆ ವಾಪಸ್. ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವುದು. ಕೊಟ್ಟು ತೊಗೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಈಗ ದುಡ್ಡು ಕೊಟ್ಟು ಕಾನೂನು ಪ್ರಕಾರವೇ ಕೊಂಡ ಮಾಲಿನ ಕಥೆ ಕೇಳಿ. ಅಮ್ಮ ಕೊಲಂಬಸ್‌ಗೆ ಬಂದಿದ್ದಾಗ ಅವರಿಗೆ ಬೇಕು ಅಂತ ಆ್ಯಪ್‌ನಲ್ಲಿ ಒಂದು ಹಳೇ ಕನ್ನಡ ಸಿನಿಮಾ ಕೊಂಡೆ. ಬಾಡಿಗೆಗೆ ಒಂದು ಬೆಲೆ, ಕೊಳ್ಳುವುದಕ್ಕೆ ಇನ್ನೊಂದು. ಜಾಸ್ತಿ ದುಡ್ಡಿನದ್ದೇ ಒತ್ತಿದೆ. ಅಮ್ಮ ಎರಡನೇ ಸಲ ಬಂದಾಗ ನೋಡಿದರೆ ಸಿನಿಮಾ ಇಲ್ಲ. ಚಾಟ್‌ನಲ್ಲಿ ಕೇಳಿದೆ. ಮೊದಲು ಯಂತ್ರ ಮಾತಾಡಿತು, ಆಮೇಲೆ ಯಂತ್ರದ ಹಾಗೇ ಮಾತಾಡುವ ಮನುಷ್ಯ. ಆ ಸಿನಿಮಾದ ಹಕ್ಕಿನ ಅವಧಿ ಮುಗಿದಿದೆಯಂತೆ, ತೊಂದರೆಗೆ ವಿಷಾದವಂತೆ, ಮುಂದಿನ ಖರೀದಿಗೆ ಒಂದಿಷ್ಟು ರಿಯಾಯಿತಿ ಕೊಡುತ್ತಾರಂತೆ. ಅಮ್ಮ ಪಕ್ಕದಲ್ಲೇ ಕೂತಿದ್ದರು. "ಅಂಗಡಿಯವನು ಮನಿಗೆ ಬಂದು ಕೊಟ್ಟ ಸೀರೆ ತಗೊಂಡು ಹೋಗ್ತಾನೇನಪ್ಪಾ?" ಅಂದರು.

ಅಕ್ಕನ ಮನೆಯಲ್ಲಿ ಚಾನೆಲ್ ಕಟ್ ಆದರೆ ಅಕ್ಕ ಕೇಬಲ್‌ನವನಿಗೆ ಫೋನ್ ಮಾಡಿ ಜಗಳಕ್ಕೆ ನಿಲ್ಲುತ್ತಾಳೆ. "ಬಿಡಕ್ಕಾ, ಸಾಯಂಕಾಲ ಹುಡುಗನ್ನ ಕಳಿಸ್ತೀನಿ" ಅನ್ನುತ್ತಾನೆ. ಹುಡುಗ ಬರುವುದು ಮಾರನೇ ದಿನ, ಆದರೆ ಬರುತ್ತಾನೆ. ಆ ತಿಂಗಳ ದುಡ್ಡಲ್ಲಿ ಇಪ್ಪತ್ತೋ ಮೂವತ್ತೋ ಮುರಿದುಕೊಂಡು ಕೊಟ್ಟರೂ ಗೊಣಗಿಕೊಂಡು ಇಸಿದುಕೊಳ್ಳುತ್ತಾನೆ. ನನಗೆ ಆ ಜಗಳದ ಭಾಗ್ಯವೂ ಇಲ್ಲ.

ನನ್ನೊಬ್ಬನ ಕಥೆ ಅಲ್ಲ ಇದು. 2009ರಲ್ಲಿ ಅಮೆಜಾನ್ ಕಂಪನಿ ಜಾರ್ಜ್ ಆರ್ವೆಲ್ ಅವರ ಎರಡು ಕಾದಂಬರಿಗಳನ್ನು ಕೊಂಡವರ ಕಿಂಡಲ್ ಅನ್ನುವ ಇ-ಪುಸ್ತಕ ಯಂತ್ರದಿಂದ ರಾತ್ರೋರಾತ್ರಿ ಅಳಿಸಿತು. ಹಕ್ಕಿಲ್ಲದವರು ಮಾರಿದ್ದರು, ದುಡ್ಡು ವಾಪಸ್ ಕೊಟ್ಟಿದ್ದೇವೆ ಅಂದಿತು. ಪುಸ್ತಕದ ಜೊತೆ ತಾನು ಬರೆದುಕೊಂಡ ಟಿಪ್ಪಣಿಯೂ ಕೆಲಸಕ್ಕೆ ಬಾರದಂತಾಯಿತು ಅಂತ ಹೈಸ್ಕೂಲ್ ಹುಡುಗನೊಬ್ಬ ಕೇಸು ಹಾಕಿದ. ಅದು 1.5 ಲಕ್ಷ ಡಾಲರ್‌ಗೆ ರಾಜಿಯಾಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಕೊಂಡವರಿಗೆ ದುಡ್ಡು ಬಂತು, ಪುಸ್ತಕ ಹೋಯಿತು. 2023ರ ಡಿಸೆಂಬರ್‌ನಲ್ಲಿ ಸೋನಿ ಕಂಪನಿ, ಪ್ಲೇಸ್ಟೇಷನ್ ಅನ್ನುವ ತನ್ನ ಗೇಮ್ ಯಂತ್ರದಲ್ಲಿ ಜನ ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳನ್ನು ತೆಗೆಯುತ್ತೇವೆ ಅಂದಿತು. ಗಲಾಟೆ ಆದಮೇಲೆ ಹಿಂದೆ ಸರಿಯಿತು.

ಇದಕ್ಕೆ ಮೂಲ ಎಲ್ಲಿದೆ ಅಂದರೆ ಕಾನೂನಿನಲ್ಲೇ. ಒಮ್ಮೆ ಕೊಂಡ ಪುಸ್ತಕವನ್ನು ನೀನು ಮಾರಬಹುದು, ಯಾರಿಗಾದರೂ ಕೊಡಬಹುದು, ಪ್ರಕಾಶಕ ತಡೆಯುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1908ರಲ್ಲೇ ಹೇಳಿತ್ತು. ಆದರೆ ಅದು ಕೈಗೆ ಸಿಗುವ ವಸ್ತುವಿಗೆ. ಜನ ಕೊಂಡಿದ್ದ ಹಾಡಿನ ಫೈಲುಗಳನ್ನು ಮರುಮಾರಾಟಕ್ಕೆ ಇಟ್ಟ ರೀಡಿಜಿ ಅನ್ನುವ ಕಂಪನಿ 2018ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಫೈಲು ಕೊಡಬೇಕಾದರೆ ಪ್ರತಿ ಮಾಡಲೇಬೇಕಲ್ವಾ, ಪ್ರತಿ ಮಾಡಿದರೆ ತಪ್ಪು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಬಂದಿದೆ. ಮಾಲು ಕೊಡದೆ ಬರೀ ಲೈಸೆನ್ಸ್ (ಬಳಸುವ ಅಪ್ಪಣೆ) ಕೊಡುತ್ತಿದ್ದರೆ ಅದನ್ನು ಗಿರಾಕಿಗೆ ಮೊದಲೇ ಹೇಳಬೇಕಂತೆ. ಹೇಳಿ ಕಿತ್ತುಕೊಂಡರೆ ಪರವಾಗಿಲ್ಲ ಅನ್ನುವ ಹಾಗಿದೆ ಅದು.

ಇಷ್ಟೆಲ್ಲ ಬೈದರೂ ಇಲ್ಲಿನ ಒಂದು ಪದ್ಧತಿ ನೋಡಿ ನನಗೆ ನಿಜಕ್ಕೂ ಹೊಟ್ಟೆಕಿಚ್ಚು. ಕೊಲಂಬಸ್‌ನ ಸಾರ್ವಜನಿಕ ಗ್ರಂಥಾಲಯ. ಪುಸ್ತಕದ ಸಾಲಿನ ಹಾಗೇ ಡಿವಿಡಿಗಳ ಸಾಲು. ಕಾರ್ಡ್ ಇದ್ದರೆ ಸಾಕು, ಪುಸ್ತಕದ ಜೊತೆಗೇ ಚೀಲಕ್ಕೆ ಹಾಕಿಕೊಂಡು ಬರುವುದು. ತಡವಾದರೆ ದಂಡ ಅನ್ನುವುದನ್ನೂ 2017ರಲ್ಲೇ ತೆಗೆದುಬಿಟ್ಟಿದ್ದಾರೆ. ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್‌ನಲ್ಲಿ ಅಂಚೆಯಲ್ಲಿ ಡಿವಿಡಿ ಕಳಿಸುವುದನ್ನು ನಿಲ್ಲಿಸಿತು, ದೊಡ್ಡ ಅಂಗಡಿಗಳು ಮಾರುವುದನ್ನೇ ಬಿಡುತ್ತಿವೆ. ಗ್ರಂಥಾಲಯ ಕೊಂಡಿಟ್ಟ ಡಿಸ್ಕು ಮಾತ್ರ ಅಲ್ಲೇ ಇದೆ. ಗ್ರಂಥಾಲಯದ ಕಾರ್ಡಿನಿಂದ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿನಿಮಾ ನೋಡುವ ಕ್ಯಾನೋಪಿ ಅನ್ನುವ ಸೇವೆಯೂ ಇಲ್ಲಿದೆ. ಅದು ಒಳ್ಳೆಯದೇ, ಆದರೆ ನೋಡಿದಷ್ಟೂ ಗ್ರಂಥಾಲಯಕ್ಕೆ ಖರ್ಚು. ಖರ್ಚು ತಡೆಯಲಾರದೆ 2019ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಅದನ್ನು ಕೈಬಿಟ್ಟಿತು. ಗ್ರಂಥಾಲಯಕ್ಕೂ ಬಾಡಿಗೆಯ ಕಾಟ ತಪ್ಪಿಲ್ಲ ನೋಡಿ. ಕೊಂಡು ಇಟ್ಟಿದ್ದಷ್ಟೇ ಉಳಿಯುತ್ತದೆ.

ಹೋದ ಸಲ ಊರಿಗೆ ಬಂದಾಗ ಬಾವ ಮನೆ ಕಂದಾಯದ ರಸೀದಿ ಹುಡುಕುತ್ತಿದ್ದರು. ನಾನೂ ಸುಮ್ನೆ ಕಣ್ಣಾಡಿಸಿದೆ. ಕಂದಾಯದ ಕೆಳಗೆ ಸಾಲಾಗಿ ಉಪಕರಗಳು: ಆರೋಗ್ಯ, ಗ್ರಂಥಾಲಯ, ಭಿಕ್ಷುಕರು. ಕಂದಾಯದ ಮೇಲೆ ಶೇ 6ರಷ್ಟು ಗ್ರಂಥಾಲಯಕ್ಕೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿದ ಏರ್ಪಾಡು ಇದು. ಬಳ್ಳಾರಿಯಲ್ಲಿ ಮನೆ ಇರುವ ಪ್ರತಿಯೊಬ್ಬರೂ ಈ ದುಡ್ಡು ಕಟ್ಟುತ್ತಿದ್ದಾರೆ, ಎಷ್ಟು ಜನಕ್ಕೆ ಗೊತ್ತೋ. ವಸೂಲಾದ ದುಡ್ಡು ಇಲಾಖೆಗೆ ಸರಿಯಾಗಿ ಸೇರುವುದಿಲ್ಲ ಅನ್ನುವುದು ಹಳೇ ರಗಳೆ, ಬೆಂಗಳೂರಲ್ಲಂತೂ ಬಾಕಿ ನೂರಾರು ಕೋಟಿ. ಅದು ಬೇರೆಯೇ ಜಗಳ.

ಗ್ರಂಥಾಲಯದಲ್ಲಿ ಸಿನಿಮಾ ಇಡಲು ಕಾನೂನಿನ ಅಡ್ಡಿಯೂ ಇಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಮಾಡಿದ ತಿದ್ದುಪಡಿ ಸ್ಪಷ್ಟವಾಗಿದೆ. ಲಾಭ ಮಾಡದ ಗ್ರಂಥಾಲಯವು ನ್ಯಾಯವಾಗಿ ಪಡೆದ ಸಿನಿಮಾ, ಹಾಡಿನ ಪ್ರತಿಯನ್ನು ಲಾಭಕ್ಕಲ್ಲದೆ ಎರವಲು ಕೊಟ್ಟರೆ ಅದು ವಾಣಿಜ್ಯ ಬಾಡಿಗೆ ಅಲ್ಲ. ಆದರೂ ನಮ್ಮ ಜಿಲ್ಲಾ ಗ್ರಂಥಾಲಯಗಳಲ್ಲಿ ಸಿನಿಮಾದ ಬೀರು ಎಲ್ಲಿದೆ?

ಈಗ ಕನ್ನಡ ಸಿನಿಮಾ ಡಿಸ್ಕಿನಲ್ಲಿ ಬರುವುದೇ ಅಪರೂಪ, ಏನನ್ನು ಕೊಳ್ಳುವುದು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಸರ್ಕಾರ ವರ್ಷವರ್ಷವೂ ಕನ್ನಡ ಸಿನಿಮಾಗಳಿಗೆ ಸಹಾಯಧನ ಕೊಡುತ್ತದೆ. ಅದಕ್ಕೆ ಒಂದು ಷರತ್ತು ಸೇರಿಸಲಿ: ಬಿಡುಗಡೆಯಾಗಿ ಎರಡು ವರ್ಷಕ್ಕೆ ಪ್ರತಿ ಜಿಲ್ಲಾ ಗ್ರಂಥಾಲಯಕ್ಕೆ ನಕಲು ತಡೆಯುವ ಡಿಜಿಟಲ್ ಬೀಗವಿಲ್ಲದ ಒಂದು ಪ್ರತಿ, ಎರವಲು ಕೊಡುವ ಹಕ್ಕಿನ ಜೊತೆಗೆ. ಜನರ ದುಡ್ಡಿನಲ್ಲಿ ಆದ ಸಿನಿಮಾ ಜನರ ಬೀರುವಿನಲ್ಲಿ ಇರುವುದರಲ್ಲಿ ತಪ್ಪೇನು? 2025ರ ಬಜೆಟ್‌ನಲ್ಲಿ ಸರ್ಕಾರದ್ದೇ ಒಟಿಟಿ ಮಾಡುತ್ತೇವೆ ಅಂದರು. ಕೇರಳ 2024ರಲ್ಲೇ ಸಿಸ್ಪೇಸ್ ಅಂತ ಶುರುಮಾಡಿ, ಒಂದು ಸಿನಿಮಾಕ್ಕೆ 75 ರೂಪಾಯಿ ಇಟ್ಟಿತು. ಮಾಡಲಿ, ಬೇಡ ಅನ್ನಲ್ಲ. ಆದರೆ ಸರ್ಕಾರದ ಆ್ಯಪೂ ಆ್ಯಪೇ. ಸರ್ವರ್ ಬಿಲ್ ಕಟ್ಟದಿದ್ದರೆ ಅದೂ ನಿಂತುಹೋಗುತ್ತದೆ.

ಕಳೆದುಕೊಳ್ಳುವುದರಲ್ಲಿ ನಾವೇನು ಹಿಂದೆ ಬಿದ್ದವರಲ್ಲ. ಕನ್ನಡದ ಮೊದಲ ಮಾತಿನ ಚಿತ್ರ, 1934ರ 'ಸತಿ ಸುಲೋಚನಾ', ಅದರ ಒಂದು ಪ್ರತಿಯೂ ಉಳಿದಿಲ್ಲ. ಬಳ್ಳಾರಿಯ ಮಟ್ಟಿಗೆ ನನಗೆ ಸಿನಿಮಾಕ್ಕಿಂತ ಜಾಸ್ತಿ ಭಯ ಇರುವುದು ನಾಟಕದ ಬಗ್ಗೆ. ಸುಭದ್ರಮ್ಮ ಮನ್ಸೂರು ಅವರ ರಂಗಗೀತೆ, ಬೆಳಗಲ್ಲು ವೀರಣ್ಣ ಅವರ ತೊಗಲು ಗೊಂಬೆಯಾಟ ನಾನು ಕೊಲಂಬಸ್‌ನಲ್ಲಿ ಕೂತು ನೋಡುವುದು ಯಾರೋ ಪುಣ್ಯಾತ್ಮರು ಯೂಟ್ಯೂಬ್‌ಗೆ ಏರಿಸಿದ್ದರಿಂದ. ಆ ಪುಣ್ಯಾತ್ಮರ ಖಾತೆ ಬಂದ್ ಆದರೆ? ಸುಭದ್ರಮ್ಮ 2020ರಲ್ಲಿ ತೀರಿಕೊಂಡರು, ವೀರಣ್ಣ 2023ರಲ್ಲಿ. ಮತ್ತೆ ರೆಕಾರ್ಡ್ ಮಾಡಿಕೊಳ್ಳೋಣ ಅನ್ನುವ ಹಾಗಿಲ್ಲ.

ಬಾವನಿಗೆ ಇದನ್ನೆಲ್ಲ ಹೇಳಿದೆ. "ಪಿಎಸ್‌ಐ ಪರೀಕ್ಷೆಗೆ ಓದೋ ಹುಡುಗರಿಗೇ ಅಲ್ಲಿ ಕುರ್ಚಿ ಸಾಲಲ್ಲ, ನೀನು ಸಿನಿಮಾ ಇಡು ಅಂತೀಯಲ್ಲೋ" ಅಂದರು. ಕುರ್ಚಿ ಯಾಕೆ ಬಾವಾ, ಮನೆಗೆ ತಂದು ನೋಡೋದು ಅಂದೆ. ಒಂದು ಕಬ್ಬಿಣದ ಬೀರು, ಒಂದು ಹಾರ್ಡ್ ಡಿಸ್ಕು, ಅದರದೊಂದು ನಕಲು, ಬರೆದುಕೊಳ್ಳಲು ಒಂದು ರಿಜಿಸ್ಟರು. ಮೊದಲು ನಾಟಕದವರ ಮನೆಗಳಲ್ಲಿ ಬಿದ್ದಿರುವ ಕ್ಯಾಸೆಟ್ಟು, ಸಿಡಿಗಳನ್ನು ಅವರ ಒಪ್ಪಿಗೆ ಪಡೆದು ತರಿಸಲಿ. ಸಿನಿಮಾದವರ ಜೊತೆ ಮಾತುಕತೆ ಆಮೇಲೆ ನಡೆಯಲಿ.