ಡಿಫರೆನ್ಷಿಯಲ್ ಆಯಿಲ್ ಕುರಿತು ಒಂದು ಸ್ಪಷ್ಟನೆ

ಹಳೆಯ ಕಾರಿನ ಡಿಫರೆನ್ಷಿಯಲ್ (ಇಂಜಿನ್ನಿನ ಬಲವನ್ನು ಎಡ-ಬಲ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ) ಆಯಿಲನ್ನು ಎಂದಿಗೂ ಬದಲಿಸಬೇಕಿಲ್ಲ, ಕಡಿಮೆಯಾದರೆ ಇಂಜಿನ್ ಆಯಿಲ್ ಹಾಕಿದರೆ ಸಾಕು ಎಂಬ ಸಂದೇಶವೊಂದು ಬಾಗಲಕೋಟೆಯ ವಾಹನ ಮಾಲೀಕರ ಮೊಬೈಲ್‌ಗಳಲ್ಲಿ ಹರಿದಾಡುತ್ತಿದ್ದು, ಅದರ ಎರಡೂ ಮಾತುಗಳು ತಪ್ಪು.

ಅಂಬಾಸಡರ್, ಸುಮೊಗಳಂತಹ ಹಿಂಚಕ್ರಗಳಿಗೆ ಬಲ ಹೋಗುವ ಗಾಡಿಗಳಲ್ಲಿ ಡಿಫರೆನ್ಷಿಯಲ್‌ನ ಕ್ರೌನ್ ಮತ್ತು ಪಿನಿಯನ್ ಎಂಬ ಗೇರುಗಳ ಹಲ್ಲುಗಳು ಭಾರ ಹೊತ್ತು ಒಂದರ ಮೇಲೊಂದು ಜಾರುತ್ತ ತಿರುಗುವುದರಿಂದ, ಆ ಒತ್ತಡ ತಾಳುವ ಗೇರ್ ಆಯಿಲೇ, ಸಾಮಾನ್ಯವಾಗಿ ಜಿಎಲ್-5 ದರ್ಜೆಯದ್ದು, ಅಲ್ಲಿ ಬೇಕು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಆಯಿಲ್ ತುಂಬುವ ಮೇಲಿನ ಪ್ಲಗ್ ಬಿಚ್ಚಿದಾಗ ಆಯಿಲ್ ರಂಧ್ರದ ಕೆಳ ಅಂಚಿನವರೆಗೆ ಇರಬೇಕು.

ಘಟಪ್ರಭೆಯ ನೆರೆನೀರಿನಲ್ಲಿ ಹಾದುಬಂದ ಗಾಡಿಯೊಂದರ ಪ್ಲಗ್ ಬಿಚ್ಚಿ ಬೆರಳು ಅದ್ದಿದಾಗ, ನೀರು ಬೆರೆತು ಹಾಲು ಹೆಚ್ಚಾದ ಚಹಾದಂಥ ಬಣ್ಣಕ್ಕೆ ತಿರುಗಿದ ಆಯಿಲ್ ನನ್ನ ಬೆರಳಿಗೆ ಅಂಟಿತ್ತು. ಓಡಿ ಬಿಸಿಯಾದ ಹೌಸಿಂಗ್ (ಡಿಫರೆನ್ಷಿಯಲ್‌ನ ಹೊರಕವಚ) ನೀರಿಗಿಳಿದು ಒಮ್ಮೆಲೇ ತಣ್ಣಗಾದರೆ ಬ್ರೀದರ್ ಎಂಬ ಗಾಳಿಕಿಂಡಿಯ ಮೂಲಕ ನೀರನ್ನು ಒಳಗೆಳೆದುಕೊಳ್ಳಬಲ್ಲದು. ಅಂಥ ಆಯಿಲನ್ನು, ಗಾಡಿ ಎಷ್ಟೇ ಕಿಲೋಮೀಟರ್ ಓಡಿರಲಿ, ಕೂಡಲೇ ತೆಗೆಯಬೇಕು. ಬೂದು ಬಣ್ಣದ ನುಣ್ಣನೆಯ ಲೋಹದ ಪುಡಿ ಕಂಡರೆ ಗಾಬರಿ ಬೇಡ, ಆದರೆ ಚೂರುಗಳು ಕೈಗೆ ಸಿಕ್ಕರೆ ಹೌಸಿಂಗ್ ಬಿಚ್ಚಿಸಲೇಬೇಕು.

ಬದಲಿಸುವವರು ಮೇಲಿನ ಪ್ಲಗ್ ಸಡಿಲವಾಗುತ್ತದೆಂದು ಖಚಿತಪಡಿಸಿಕೊಂಡ ನಂತರವೇ ಆಯಿಲ್ ಹೊರಬಿಡುವ ಕೆಳಗಿನದನ್ನು ಬಿಚ್ಚಲಿ. ತುಕ್ಕು ಹಿಡಿದು ಮೇಲಿನದು ಕದಲದಿದ್ದರೆ, ಖಾಲಿಯಾದ ಹೌಸಿಂಗಿಗೆ ಹೊಸ ಆಯಿಲ್ ತುಂಬಲು ದಾರಿಯೇ ಇರುವುದಿಲ್ಲ.