ಕೆಡಿಸಿದವನೇ ಸಾಕಿದ ಮನೆ: ಡೂಮ್ ಪ್ಯಾಟ್ರೋಲ್ ಬಗ್ಗೆ

‘ಡೂಮ್ ಪ್ಯಾಟ್ರೋಲ್’ ನೋಡಿ ಅಂತ ನಾನು ಹೇಳಿದವರಲ್ಲಿ ಜಾಸ್ತಿ ಜನ ಎರಡನೇ ಎಪಿಸೋಡ್‌ಗೇ ಕೈಬಿಟ್ಟಿದ್ದಾರೆ. ಅವರ ತಪ್ಪಿಲ್ಲ. ಸೂಪರ್‌ಹೀರೋ ಸರಣಿ ಅಂತ ಕೂತರೆ ಇಡೀ ಒಂದು ಊರೇ ಮಾಯವಾಗಿರುತ್ತದೆ. ಅದನ್ನು ಹುಡುಕೋಕೆ ಒಂದು ಕತ್ತೆಯ ಒಳಗೆ ಇಳಿಯಬೇಕಾಗುತ್ತದೆ. ಮುಂದೆ ಮಾತಾಡುವ ಜಿರಳೆ ಬರುತ್ತದೆ, ತಾಯಿಯ ಸಾವಿಗೆ ಸೇಡು ತೀರಿಸಿಕೊಳ್ಳುವ ಇಲಿ ಬರುತ್ತದೆ. ಹೀರೋ ಅನ್ನಿಸಿಕೊಂಡವನ ಬಾಯಲ್ಲಿ ಮಾತಿಗಿಂತ ಬೈಗುಳವೇ ಜಾಸ್ತಿ. ಮನೆಮಂದಿಯೆಲ್ಲ ಕೂತು ನೋಡುವಂಥದ್ದಂತೂ ಅಲ್ಲ.

ಆದರೂ ಇದರ ಪರವಾಗಿ ಇಷ್ಟುದ್ದ ಬರೆಯುತ್ತಿದ್ದೇನೆ. ಸೂಪರ್‌ಹೀರೋ ಕಥೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ನೊಂದವರ ಬಗ್ಗೆ, ಇನ್ನೊಬ್ಬರ ಹಂಗಿನಲ್ಲಿ ಬದುಕಬೇಕಾದವರ ಬಗ್ಗೆ ಇಷ್ಟು ನೇರವಾಗಿ ಮಾತಾಡಿದ್ದು ಇನ್ನೊಂದಿಲ್ಲ. ಇದನ್ನು ವಿವರಿಸಬೇಕಾದರೆ ಮೊದಲ ಸೀಸನ್ನಿನ ದೊಡ್ಡ ಗುಟ್ಟನ್ನು ಹೇಳಲೇಬೇಕು. ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ, ಸರಣಿ ನೋಡಿ ಆಮೇಲೆ ಬನ್ನಿ.

ಸರಣಿ ಶುರುವಾಗಿದ್ದು 2019ರ ಫೆಬ್ರವರಿಯಲ್ಲಿ, ಮುಗಿದದ್ದು 2023ರ ನವೆಂಬರ್‌ನಲ್ಲಿ. ನಾಲ್ಕು ಸೀಸನ್, ಒಟ್ಟು 46 ಎಪಿಸೋಡ್. ಡಿಸಿ ಕಾಮಿಕ್ಸ್‌ನ ಹಳೇ ತಂಡವೊಂದನ್ನು ತೆರೆಗೆ ತಂದವರು ಜೆರೆಮಿ ಕಾರ್ವರ್. ಅಮೆರಿಕದ ಒಹಾಯೊದ ಕ್ಲೋವರ್ಟನ್ ಅನ್ನೋ ಸಣ್ಣ ಊರಿನ ಹತ್ತಿರ ಡೂಮ್ ಮ್ಯಾನರ್ ಎಂಬ ದೊಡ್ಡ ಬಂಗಲೆ. ಅಲ್ಲಿ ಗಾಲಿಕುರ್ಚಿಯಲ್ಲಿ ಕೂತ ವಿಜ್ಞಾನಿ ನೈಲ್ಸ್ ಕಾಲ್ಡರ್. ಎಲ್ಲರೂ ಅವನನ್ನು ಚೀಫ್ ಅಂತ ಕರೆಯುತ್ತಾರೆ. ಯಾರಿಗೂ ಬೇಡವಾದ ಕೆಲವರನ್ನು ಅವನು ಮನೆಗೆ ತಂದು ಇಟ್ಟುಕೊಂಡಿದ್ದಾನೆ. ಹತ್ತಾರು ವರ್ಷಗಳಿಂದ ಅವರಿಗೆ ಊಟ, ಔಷಧಿ, ಆಸರೆ ಎಲ್ಲ ಅವನದೇ.

ಕ್ಲಿಫ್ ಸ್ಟೀಲ್ ಕಾರ್ ರೇಸ್ ಓಡಿಸುತ್ತಿದ್ದವನು. 1988ರ ಅಪಘಾತದಲ್ಲಿ ಹೆಂಡತಿ ಸತ್ತಳು, ಪುಟ್ಟ ಮಗಳು ಬದುಕಿಕೊಂಡಳು. ಇವನಲ್ಲಿ ಉಳಿದದ್ದು ಮಿದುಳು ಮಾತ್ರ. ಅದನ್ನು ಚೀಫ್ ಒಂದು ಲೋಹದ ದೇಹದೊಳಗೆ ಕೂರಿಸಿದ್ದಾನೆ. ಆ ದೇಹಕ್ಕೆ ರುಚಿ ಇಲ್ಲ, ವಾಸನೆ ಇಲ್ಲ, ಮುಟ್ಟಿದರೆ ಗೊತ್ತಾಗುವುದಿಲ್ಲ. ಲ್ಯಾರಿ ಟ್ರೇನರ್ ವಾಯುಪಡೆಯ ಪೈಲಟ್. 1961ರಲ್ಲಿ ಪ್ರಯೋಗದ ವಿಮಾನ ಹಾರಿಸುವಾಗ ಒಂದು ಶಕ್ತಿ ಅವನ ಮೈಯೊಳಗೆ ಹೊಕ್ಕು, ವಿಮಾನ ಬಿದ್ದು, ಮೈಯೆಲ್ಲ ಸುಟ್ಟುಹೋಯಿತು. ಅವನ ಮೈಯಿಂದ ವಿಕಿರಣ ಹೊಮ್ಮುವುದರಿಂದ ತಲೆಯಿಂದ ಕಾಲಿನವರೆಗೆ ಬ್ಯಾಂಡೇಜ್ ಸುತ್ತಿಕೊಂಡಿರುತ್ತಾನೆ. ರೀಟಾ ಫಾರ್ 1950ರ ದಶಕದ ಸಿನಿಮಾ ನಟಿ. ಶೂಟಿಂಗ್ ಮಾಡುವಾಗ ನದಿಗೆ ಬಿದ್ದು, ಅಲ್ಲಿದ್ದ ಏನೋ ಮೈಗೆ ಸೇರಿ, ದೇಹ ಕರಗುವ ಮುದ್ದೆಯಾಯಿತು. ಜೇನ್ ಎಂಬ ಹುಡುಗಿಯೊಳಗೆ 64 ವ್ಯಕ್ತಿತ್ವಗಳಿವೆ. ಒಂದೊಂದಕ್ಕೂ ಒಂದೊಂದು ಶಕ್ತಿ. ಇವರ ಜೊತೆ ಡೆಟ್ರಾಯಿಟ್‌ನಿಂದ ಬಂದು ಸೇರಿಕೊಳ್ಳುವವನು ಅರ್ಧ ಯಂತ್ರವಾದ ವಿಕ್ಟರ್ ಸ್ಟೋನ್, ಅಂದರೆ ಸೈಬಾರ್ಗ್.

ಇವರ ಶಕ್ತಿಗಳು ಯಾವುವೂ ವರ ಅಲ್ಲ, ಗಾಯಗಳು. ರೀಟಾ ನಾಚಿಕೆಯಾದಾಗ, ಹೆದರಿದಾಗ ಕರಗುತ್ತಾಳೆ. ಮೊದಲ ಎಪಿಸೋಡ್‌ನಲ್ಲಿ ಧೈರ್ಯ ಮಾಡಿ ಊರೊಳಗೆ ಹೋದಾಗ, ಹಳೇ ನಟಿ ಅಂತ ಗುರುತು ಹಿಡಿಯುವವರು ಎದುರಾದ ಕೂಡಲೇ ಆಗುವುದೂ ಅದೇ. ನೀಟಾಗಿ ಬಾಚಿದ ಕೂದಲು, ಅಳತೆಗೆ ಹೊಲಿದ ಡ್ರೆಸ್. ಆದರೆ ಒಂದು ಕಡೆಯ ಕೆನ್ನೆ ಜಾರಲು ಶುರುವಾಗುತ್ತದೆ. ರೀಟಾ ಪಾತ್ರ ಮಾಡಿದ ಏಪ್ರಿಲ್ ಬೌಲ್ಬಿ ಆ ಕ್ಷಣದಲ್ಲಿ ಕಿರುಚಾಡುವುದಿಲ್ಲ. ಜಾರುತ್ತಿರುವ ಮುಖವನ್ನು ಕೈಯಿಂದ ಮುಚ್ಚಿಕೊಂಡು, ಏನೂ ಆಗಿಲ್ಲ ಅನ್ನುವಂತೆ ಇರಲು ಹೆಣಗುತ್ತಾಳೆ. ನಾಲ್ಕು ಜನರ ಮುಂದೆ ಮರ್ಯಾದೆ ಉಳಿಸಿಕೊಳ್ಳೋಕೆ ಒದ್ದಾಡಿದ ಯಾರಿಗೇ ಆಗಲಿ ಆ ಒದ್ದಾಟ ಗೊತ್ತಾಗುತ್ತದೆ.

ನಟನೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಕ್ಲಿಫ್‌ನ ದನಿ ಬ್ರೆಂಡನ್ ಫ್ರೇಸರ್‌ದು. 2023ರಲ್ಲಿ ಅತ್ಯುತ್ತಮ ನಟ ಅಂತ ಆಸ್ಕರ್ ತಗೊಂಡರಲ್ಲ, ಅವರೇ. ಆದರೆ ಆ ಲೋಹದ ಉಡುಪು ತೊಟ್ಟು ನಡೆದಾಡಿದವರು ರೈಲಿ ಶಾನಹಾನ್. ಲ್ಯಾರಿಯದೂ ಹಾಗೆಯೇ. ದನಿ ಮ್ಯಾಟ್ ಬೋಮರ್, ಬ್ಯಾಂಡೇಜಿನೊಳಗೆ ಇರುವವರು ಮ್ಯಾಥ್ಯೂ ಝಕ್. ಹಳೇ ನೆನಪಿನ ದೃಶ್ಯಗಳಲ್ಲಿ ಮಾತ್ರ ಫ್ರೇಸರ್ ಮತ್ತು ಬೋಮರ್ ತಮ್ಮ ಮುಖದಲ್ಲಿ ಕಾಣಿಸಿಕೊಳ್ಳುತ್ತಾರೆ. ಹೀಗೆ ಎರಡು ಮುಖ್ಯ ಪಾತ್ರಗಳಿಗೆ ಮುಖಭಾವವೇ ಇಲ್ಲ. ಇರುವುದು ತಲೆ ಎಷ್ಟು ಬಗ್ಗಿತು, ಭುಜ ಯಾವಾಗ ಇಳಿಯಿತು, ಕೈ ಎಲ್ಲಿ ನಿಂತಿತು ಅನ್ನುವುದಷ್ಟೇ. ಇಷ್ಟರಲ್ಲೇ ಅವರು ಅಳಿಸುತ್ತಾರೆ. ಫ್ರೇಸರ್ ಅವರ ದನಿಯಲ್ಲಿ ಬೈಗುಳದ ಹಿಂದೆಯೇ ಒಂದು ನಡುಕ ಇರುತ್ತದೆ. ಮಗಳ ಹೆಸರು ಬಂದಾಗ ಅದನ್ನು ಗಮನಿಸಿ ಕೇಳಿ. ಶಾನಹಾನ್ ಮತ್ತು ಝಕ್ ಇಬ್ಬರ ಹೆಸರನ್ನೂ ಜನ ಇನ್ನೂ ಜಾಸ್ತಿ ಹೇಳಬೇಕು ಅಂತ ನನ್ನ ಆಸೆ.

ಮೊದಲ ಸೀಸನ್ನಿನ ಎಂಟನೇ ಎಪಿಸೋಡ್‌ನಲ್ಲಿ ಡ್ಯಾನಿ ಬರುತ್ತದೆ. ಡ್ಯಾನಿ ಅಂದರೆ ಒಂದು ಬೀದಿ. ಜೀವ ಇರುವ, ಯೋಚನೆ ಮಾಡುವ, ಒಂದು ಊರಿಂದ ಇನ್ನೊಂದು ಊರಿಗೆ ತಾನೇ ಹೋಗಿ ಸೇರಿಕೊಳ್ಳುವ ಬೀದಿ. ಅಂಗಡಿ ಬೋರ್ಡುಗಳ ಮೇಲೆ ಅಕ್ಷರ ಮೂಡಿಸಿ ಮಾತಾಡುತ್ತದೆ. ಎಲ್ಲೂ ಜಾಗ ಸಿಗದವರಿಗೆಲ್ಲ ಅಲ್ಲಿ ಜಾಗ. ಅದನ್ನು ಹಿಡಿಯಲು ಸರ್ಕಾರದ ಒಂದು ಇಲಾಖೆ ಬೆನ್ನುಹತ್ತಿದೆ. ಎಲ್ಲರೂ ‘ನಾರ್ಮಲ್’ ಆಗಿರಬೇಕು ಅಂತ ನೋಡಿಕೊಳ್ಳುವುದೇ ಅದರ ಕೆಲಸ.

ಲ್ಯಾರಿಗೆ ಹೆಂಡತಿ, ಮಕ್ಕಳು ಇದ್ದರು. ಅವನು ಪ್ರೀತಿಸಿದ್ದು ಮಾತ್ರ ಜಾನ್ ಎಂಬ ಗಂಡಸನ್ನು. ಆ ಕಾಲದಲ್ಲಿ, ವಾಯುಪಡೆಯಲ್ಲಿ ಇದ್ದುಕೊಂಡು ಅದನ್ನು ಯಾರ ಹತ್ತಿರ ಹೇಳಿಕೊಳ್ಳಲು ಆಗುತ್ತಿತ್ತು? ಡ್ಯಾನಿ ಬೀದಿಯ ವೇದಿಕೆಯಲ್ಲಿ ಅವನು ಎದ್ದು ಹಾಡುತ್ತಾನೆ. ಬ್ಯಾಂಡೇಜ್ ಸುತ್ತಿಕೊಂಡೇ, ದನಿ ಎತ್ತಿ, ಕೈ ಚಾಚಿ ಹಾಡುತ್ತಾನೆ. ಸುತ್ತ ಇರುವವರೆಲ್ಲ ಕುಣಿಯುತ್ತಾರೆ. ನೋಡುವ ನಮಗೂ ಅಬ್ಬ, ಅಂತೂ ಇವನಿಗೆ ಬಿಡುಗಡೆ ಸಿಕ್ಕಿತು ಅನ್ನಿಸುತ್ತದೆ. ಆಮೇಲೆ ಗೊತ್ತಾಗುತ್ತದೆ, ಅವನು ಕೂತಲ್ಲಿಂದ ಎದ್ದೇ ಇಲ್ಲ. ಹಾಡಿದ್ದೆಲ್ಲ ಮನಸ್ಸಿನಲ್ಲಿ. ಬೇರೆ ಯಾವುದೇ ಸರಣಿಯಾಗಿದ್ದರೆ ಅವನನ್ನು ನಿಜವಾಗಿಯೇ ಹಾಡಿಸಿ, ಚಪ್ಪಾಳೆ ಹೊಡೆಸಿ ಮುಗಿಸುತ್ತಿದ್ದರು. ಐವತ್ತು ವರ್ಷಕ್ಕೂ ಜಾಸ್ತಿ ಮುಚ್ಚಿಟ್ಟುಕೊಂಡವನು ಒಂದೇ ಸಂಜೆಯಲ್ಲಿ ಎದ್ದು ನಿಲ್ಲಲಾರ ಅನ್ನುವುದು ಈ ಬರಹಗಾರರಿಗೆ ಗೊತ್ತಿತ್ತು.

ಮುಂದಿನ ಎಪಿಸೋಡ್ ಜೇನ್‌ಳದು. ಅವಳ ಮನಸ್ಸಿನ ಒಳಗೆ ರೈಲು ನಿಲ್ದಾಣಗಳಿರುವ ಒಂದು ನೆಲಮಾಳಿಗೆಯ ಲೋಕ. ಒಂದೊಂದು ವ್ಯಕ್ತಿತ್ವಕ್ಕೂ ಒಂದೊಂದು ನಿಲ್ದಾಣ. ಇವರೆಲ್ಲ ಹುಟ್ಟಿದ್ದು ಕೇ ಎಂಬ ಪುಟ್ಟ ಹುಡುಗಿಯನ್ನು ಕಾಪಾಡಲು, ಅವಳ ಅಪ್ಪನಿಂದಲೇ ಕಾಪಾಡಲು. ಕ್ಲಿಫ್ ಜೇನ್‌ಳನ್ನು ಕರೆತರೋಕೆ ಆ ಲೋಕದೊಳಗೆ ಇಳಿಯುತ್ತಾನೆ. ಅಲ್ಲಿ ಅವನಿಗೆ ಮನುಷ್ಯನ ದೇಹ ಇರುತ್ತದೆ. ಆಳದ ಬಾವಿಯಲ್ಲಿ ಅಪ್ಪ ಕಾಣಿಸಿಕೊಳ್ಳುತ್ತಾನೆ, ಆಟಿಕೆಯ ಜಿಗ್‌ಸಾ ತುಂಡುಗಳನ್ನು ಜೋಡಿಸಿ ಮಾಡಿದ ದೈತ್ಯನಂತೆ. ಅವನೆದುರು ನಿಂತು ದನಿ ಎತ್ತುವವಳು ಜೇನ್. ಅವಳಿಗಾಗಿ ಕ್ಲಿಫ್ ಹೊಡೆದಾಡಿ ಗೆದ್ದು ಕೊಡುವುದಿಲ್ಲ. ಜೇನ್ ಪಾತ್ರದ ಡಯಾನ್ ಗೆರೆರೊ ಇಲ್ಲಿ ಮಾಡಿರುವ ಕೆಲಸಕ್ಕೆ ದೊಡ್ಡ ಪ್ರಶಸ್ತಿ ಬರಬೇಕಿತ್ತು. ಮೈಕೈ, ಕಣ್ಣು, ಮಾತಿನ ಧಾಟಿ ಎಲ್ಲವನ್ನೂ ಬದಲಿಸಿಕೊಂಡು ಒಬ್ಬಳೇ ಇಷ್ಟು ಜನ ಆಗುತ್ತಾಳೆ.

ಈಗ ಆ ಗುಟ್ಟು. ಮೊದಲ ಸೀಸನ್ ಇಡೀ ಇವರು ಕಾಣೆಯಾದ ಚೀಫ್‌ನನ್ನು ಹುಡುಕುತ್ತಾರೆ. ನಮ್ಮನ್ನು ಸಾಕಿದವನು, ಅವನನ್ನು ಬಿಡಿಸಿಕೊಂಡು ಬರಬೇಕು ಅಂತ ಜೀವದ ಹಂಗು ತೊರೆದು ಅಲೆಯುತ್ತಾರೆ. ಕೊನೆಯ ಹೊತ್ತಿಗೆ ಚೀಫ್ ತಾನೇ ಒಪ್ಪಿಕೊಳ್ಳುತ್ತಾನೆ. ರೀಟಾ, ಲ್ಯಾರಿ, ಕ್ಲಿಫ್, ಜೇನ್, ಯಾರಿಗೂ ಆದದ್ದು ಆಕಸ್ಮಿಕ ಅಲ್ಲ. ಎಲ್ಲದರ ಹಿಂದೆ ಇದ್ದವನು ಅವನೇ. ಸಾವಿಲ್ಲದ ಬದುಕನ್ನು ಕಂಡುಹಿಡಿಯಲು ಇವರ ಮೇಲೆ ಪ್ರಯೋಗ ಮಾಡಿದ್ದ. ಕೆಡಿಸಿದವನೇ ಮನೆಗೆ ತಂದು ಬ್ಯಾಂಡೇಜ್ ಸುತ್ತಿದ್ದ.

ಹಂಗಿನರಮನೆಗಿಂತ ವಿಂಗಡದ ಗುಡಿ ಲೇಸು ಅಂತ ನಮ್ಮಲ್ಲಿ ಗಾದೆ ಇದೆ. ಡೂಮ್ ಮ್ಯಾನರ್ ಅಂಥದ್ದೇ ಅರಮನೆ. ಆದರೆ ಸರಣಿ ಗಾದೆಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಕೇಳುತ್ತದೆ: ಆ ಅರಮನೆ ಬಿಟ್ಟು ಹೋಗೋಕೆ ಬೇರೆ ಜಾಗವೇ ಇಲ್ಲದವರು ಏನು ಮಾಡಬೇಕು? ಲ್ಯಾರಿ ಆ ಬ್ಯಾಂಡೇಜಿನಲ್ಲಿ ಎಲ್ಲಿಗೆ ಹೋಗಿ ಬಾಡಿಗೆಗೆ ಮನೆ ಕೇಳುತ್ತಾನೆ? ನಿಮ್ಮ ಬದುಕು ಹಾಳುಮಾಡಿದವನ ಕೈಯಿಂದಲೇ ನಿಮ್ಮ ಔಷಧಿ ಬರುತ್ತಿದ್ದರೆ ಅವನನ್ನು ಪೂರ್ತಿ ದ್ವೇಷಿಸಲೂ ಆಗುವುದಿಲ್ಲ, ಪೂರ್ತಿ ನಂಬಲೂ ಆಗುವುದಿಲ್ಲ. ಅಪ್ಪನ ಜೊತೆಯೋ, ಸಾಕಿದ ಮಾವನ ಜೊತೆಯೋ ಇಂಥ ಸಂಬಂಧ ಇರುವವರು ನಮ್ಮ ನಡುವೆ ಎಷ್ಟು ಜನ ಇದ್ದಾರೆ ಅನ್ನೋದು ನಮಗೆ ಗೊತ್ತು ಅಲ್ವಾ? ಸಾಕಿದ್ದಾರಲ್ಲ, ಸುಮ್ನೆ ಇರು ಅನ್ನುವ ಮಾತಿನಿಂದಲೇ ಎಷ್ಟೋ ಮನೆಗಳಲ್ಲಿ ಎಷ್ಟೋ ವಿಷಯ ಮುಚ್ಚಿಹೋಗಿದೆ. ಈ ಸರಣಿ ಆ ಮಾತನ್ನು ಒಪ್ಪುವುದಿಲ್ಲ. ಸಾಕಿದ್ದೂ ನಿಜ, ಕೆಡಿಸಿದ್ದೂ ನಿಜ. ಒಂದು ಇನ್ನೊಂದನ್ನು ಅಳಿಸಲ್ಲ.

ಚೀಫ್‌ಗೆ ಸಾವಿಲ್ಲದ ಬದುಕು ಬೇಕಾಗಿದ್ದು ತನಗಾಗಿ ಅಲ್ಲ. ಅವನಿಗೆ ಡೊರೊಥಿ ಎಂಬ ಮಗಳಿದ್ದಾಳೆ. ಹುಟ್ಟಿ ಹೆಚ್ಚುಕಡಿಮೆ ನೂರು ವರ್ಷವಾದರೂ ಅವಳಿನ್ನೂ ಹನ್ನೊಂದರ ಹುಡುಗಿ. ಮುಖ ಸ್ವಲ್ಪ ಕಪಿಯನ್ನು ಹೋಲುತ್ತದೆ. ಕಲ್ಪಿಸಿಕೊಂಡ ಗೆಳೆಯರು ಅವಳೆದುರು ನಿಜವಾಗಿ ಎದ್ದು ಬರುತ್ತಾರೆ. ಅವರಲ್ಲಿ ಒಬ್ಬ ಕ್ಯಾಂಡಲ್‌ಮೇಕರ್. ಅವಳು ದೊಡ್ಡವಳಾದರೆ ಅವನು ಲೋಕವನ್ನೇ ಸುಡುತ್ತಾನೆ ಅನ್ನೋದು ಅಪ್ಪನ ಭಯ. ಅದಕ್ಕೇ ಅವಳನ್ನು ಮುಚ್ಚಿಟ್ಟು, ಮಗುವಾಗಿಯೇ ಇರಬೇಕು ಅಂತ ಕಾಯುತ್ತಾನೆ. ಎರಡನೇ ಸೀಸನ್ನಿನಲ್ಲಿ ಡೊರೊಥಿ ಮೊದಲ ಸಲ ಮುಟ್ಟಾಗುತ್ತಾಳೆ. ಲೋಕ ಮುಳುಗಿತು ಅನ್ನುವ ಭಯ ಅಲ್ಲಿಂದ ಶುರು. ಒಂದು ಹೆಣ್ಣುಮಗು ದೊಡ್ಡದಾಗುವುದನ್ನು ಮನೆಯ ಗಂಡಸೊಬ್ಬ ಇಷ್ಟು ಹೆದರಿಕೊಂಡು ನೋಡುವುದನ್ನು ಸೂಪರ್‌ಹೀರೋ ಕಥೆಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಟಿಮೊಥಿ ಡಾಲ್ಟನ್ ಈ ಅಪ್ಪನನ್ನು ಸುಲಭದ ಕೆಟ್ಟವನನ್ನಾಗಿ ಮಾಡುವುದಿಲ್ಲ. ಅವನ ಪ್ರೀತಿ ನಿಜವಾದದ್ದು. ಅದೇ ಭಯಾನಕ. ಇರುವೆಯಷ್ಟು ಚಿಕ್ಕವರಾಗಿ ಕ್ಲಿಫ್‌ನ ಆಟಿಕೆ ರೇಸ್ ಟ್ರ್ಯಾಕ್ ಮೇಲೆ ಬದುಕುತ್ತಿದ್ದ ತಂಡದವರನ್ನು ಮತ್ತೆ ಮೊದಲಿನ ಹಾಗೆ ಮಾಡಲು ಅವನು ತನ್ನ ಆಯುಷ್ಯ ಕಾಯುತ್ತಿದ್ದ ತಾಯಿತವನ್ನೇ ಬಿಟ್ಟುಕೊಡುತ್ತಾನೆ. ಹಾಗಂತ ಯಾರೂ ಅವನ ಕಾಲಿಗೆ ಬೀಳುವುದಿಲ್ಲ. ಕ್ಲಿಫ್‌ನ ಕೋಪ ಇಳಿಯುವುದೇ ಇಲ್ಲ. ಇಳಿಯಬೇಕು ಅಂತ ಕಥೆಯೂ ಹಟ ಹಿಡಿಯುವುದಿಲ್ಲ.

ಕ್ಲಿಫ್ ಅಪ್ಪನಾಗಿ ಕಲಿಯುವ ರೀತಿಯೇ ಬೇರೆ. ಮಗಳು ಕ್ಲಾರಾಳನ್ನು ಸಾಕಿದ ಗೆಳೆಯ ಫ್ಲಾರಿಡಾದಲ್ಲಿ ಸತ್ತಾಗ ಅಲ್ಲಿಯವರೆಗೆ ಹೋಗುತ್ತಾನೆ. ಅವಳು ಎದುರಿಗೇ ಇದ್ದಾಳೆ, ನಾನು ನಿನ್ನಪ್ಪ ಅಂತ ಹೇಳಲಾಗದೆ ವಾಪಸ್ ಬರುತ್ತಾನೆ. ಮುಂದೆ ಹೇಳಿಕೊಂಡಾಗಲೂ ಅವಳು ಓಡಿಬಂದು ಅಪ್ಪಿಕೊಳ್ಳುವುದಿಲ್ಲ. ಸಿಟ್ಟಾಗುತ್ತಾಳೆ. ಆ ಸಿಟ್ಟನ್ನು ಸಹಿಸಿಕೊಂಡು ನಿಲ್ಲೋದನ್ನು ಅವನು ನಿಧಾನವಾಗಿ ಕಲಿಯುತ್ತಾನೆ. ಚೀಫ್‌ಗೆ ಬರದೇ ಇದ್ದ ವಿದ್ಯೆ ಇದು.

ಎಲ್ಲವೂ ಚೆನ್ನಾಗಿದೆ ಅಂತ ಹೇಳಲಾರೆ. ವಿಕ್ಟರ್‌ನ ಕಥೆಯನ್ನು ಬೇರೆಯವರಷ್ಟು ಆಳವಾಗಿ ಬರೆದಿಲ್ಲ. ಮೂರನೇ ಸೀಸನ್ನಿನಲ್ಲಿ ಅವನು ಯಂತ್ರದ ಭಾಗಗಳನ್ನು ತೆಗೆಸಿಕೊಳ್ಳುವುದು ಒಳ್ಳೆಯ ತಿರುವು, ಆದರೆ ಅದರ ಜೊತೆ ಸಾಕಷ್ಟು ಹೊತ್ತು ನಿಲ್ಲುವುದಿಲ್ಲ. ಎರಡನೇ ಸೀಸನ್ ಕೋವಿಡ್‌ನಿಂದಾಗಿ ಒಂಬತ್ತು ಎಪಿಸೋಡ್‌ಗೇ ನಿಂತಿತು, ಎಲ್ಲರೂ ಕ್ಯಾಂಡಲ್‌ಮೇಕರ್‌ನ ಮೇಣದೊಳಗೆ ಸಿಕ್ಕಿಕೊಂಡಿರುವಾಗಲೇ. ನಾಲ್ಕನೆಯದು ನಡುವೆ ಎಳೆದಾಡುತ್ತದೆ. ಸರಣಿ ನಿಲ್ಲುತ್ತದೆ ಅನ್ನುವ ಸುದ್ದಿ 2023ರ ಜನವರಿಯಲ್ಲಿ ಬಂತು. ಉಳಿದಿದ್ದ ಆರು ಎಪಿಸೋಡ್ ಆ ಅಕ್ಟೋಬರ್, ನವೆಂಬರ್‌ನಲ್ಲಿ ಬಂದವು.

ಈ ತಂಡಕ್ಕೆ ಸಾವು ಹೊಸದಲ್ಲ. ಕಾಮಿಕ್ಸ್‌ನಲ್ಲಿ ಇವರು ಮೊದಲು ಬಂದದ್ದು 1963ರಲ್ಲಿ. 1968ರಲ್ಲಿ ಆ ಪುಸ್ತಕ ನಿಂತಾಗ, ಹದಿನಾಲ್ಕೇ ಜನ ಇರುವ ಒಂದು ಮೀನುಗಾರರ ಹಳ್ಳಿಯನ್ನು ಉಳಿಸಲು ತಂಡ ಜೀವ ಕೊಟ್ಟಿತು. ಲೋಕ ಉಳಿಸಲು ಅಲ್ಲ, ಹದಿನಾಲ್ಕು ಜನರಿಗಾಗಿ. ಟಿವಿ ಸರಣಿಯ ಕೊನೆಯಲ್ಲೂ ಆ ಅಳತೆ ಉಳಿದುಕೊಂಡಿದೆ. ರೀಟಾ ಯುದ್ಧದಲ್ಲಿ ಸಾಯುವುದಿಲ್ಲ, ವಯಸ್ಸಾಗಿ ಸಾಯುತ್ತಾಳೆ. ಕ್ಲಿಫ್ ಮಗಳ ಮನೆಗೆ ಹೋಗಿ, ಮೊಮ್ಮಗ ಮುಂದೆ ಬದುಕುವ ಬದುಕನ್ನು ಕಣ್ಣುತುಂಬ ನೋಡಿಕೊಂಡು ಹೋಗುತ್ತಾನೆ.

ನೋಡುವವರಿಗೆ ಒಂದೆರಡು ಮಾತು. ಮಕ್ಕಳಿರುವಾಗ ಹಾಕಬೇಡಿ. ಜೇನ್‌ಳ ಕಥೆಯಲ್ಲಿ ಮಗುವಿನ ಮೇಲಿನ ದೌರ್ಜನ್ಯ ಬರುತ್ತದೆ, ಅಂಥದ್ದನ್ನು ಅನುಭವಿಸಿದವರು ಒಂಬತ್ತನೇ ಎಪಿಸೋಡ್‌ಗೆ ಮೊದಲು ಮನಸ್ಸು ಗಟ್ಟಿ ಮಾಡಿಕೊಳ್ಳಿ. ಕತ್ತೆ ನೋಡಿ ಎದ್ದು ಹೋಗಬೇಡಿ. ಎಂಟನೆಯದರ ತನಕ ಕೂತು ನೋಡಿ. ಲ್ಯಾರಿಯ ಹಾಡು ಮುಗಿದ ಮೇಲೂ ಬೇಡ ಅನ್ನಿಸಿದರೆ, ಆಗ ಬಿಡಿ.